ರೂಟ್ ಕೆನಾಲ್ ಮಾಡಿಸಿದ ಹಲ್ಲು ಎಷ್ಟು ವರುಷ ಬಾಳೀತು?

(ಬಿ. ಎ. ಮೂರನೆಯ ವರ್ಗದ ವಿದ್ಯಾರ್ಥಿಯೊಬ್ಬನ ಅಭಿಪ್ರಾಯ)

ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಪಂಪನ ಮೇಲೆ ಒಂದು ಲೇಖನವಿರುವದು ವಾಡಿಕೆ. ಅಣ್ಣಿಗೇರಿ ನಮಗೆ ನೆರೆಯ ಊರಾಗಿರುವದರಿಂದ ಅದು ಸಹಜವೇ ಆಗಿದೆ. ಈ ಸಲವೂ ಆ ಕಾರ್ಯವನ್ನು ನನಗಿಂತ ಬಲ್ಲವರು ನೆರವೇರಿಸುವರೆಂಬ ಭರವಸೆಯಿಂದ ನಾನು ಒಂದು ಹಲ್ಲಿನ ವಿಷಯ ಬರೆಯಲು ಕುಳಿತಿದ್ದೇನೆ. ವಾಚಕರು ನಗಬಾರದು. ಹಲ್ಲುಬೇನೆಯಿಂದ ರಾತ್ರಿಯೆಲ್ಲ ಎಚ್ಚರವಿದ್ದವನಿಗೆ ಮಹಾಕಾವ್ಯವೂ ರುಚಿಸುವದಿಲ್ಲವೆಂಬುದನ್ನು ನಾನು ಪರೀಕ್ಷೆಯ ಹಿಂದಿನ ರಾತ್ರಿ ಸ್ವತಃ ಕಂಡುಕೊಂಡಿದ್ದೇನೆ.

ನನ್ನ ಕೆಳದವಡೆಯ ಎಡಬದಿಯಲ್ಲಿ ಒಂದು ಹಲ್ಲಿಲ್ಲ. ಅದು ಆರನೆಯ ವರುಷಕ್ಕೆ ಬರುವ ಹಲ್ಲು. ಹಾಲುಹಲ್ಲುಗಳ ಹಿಂದೆ, ಯಾವ ಹಲ್ಲೂ ಬೀಳದೆ, ಸದ್ದಿಲ್ಲದೆ ಹುಟ್ಟುತ್ತದೆ. ಆದ್ದರಿಂದ ಮನೆಯವರು ಅದನ್ನೂ ಹಾಲುಹಲ್ಲೆಂದೇ ತಿಳಿದು, ಹುಳುಕು ಬಿದ್ದರೂ 'ಬಿದ್ದು ಬೇರೆ ಬರತೈತಿ ಬಿಡ' ಎಂದು ಸುಮ್ಮನಾಗುತ್ತಾರೆ. ಅದು ಬೇರೆ ಬರುವದಿಲ್ಲ. ನಮ್ಮ ಮನೆಯಲ್ಲಿಯೂ ಹೀಗೆಯೇ ಆಯಿತು. 2023 ರ ಜೂನಿನಲ್ಲಿ, ನಾನು ಈ ಕಾಲೇಜಿಗೆ ಹೆಸರು ಹಚ್ಚುವ ವಾರದಲ್ಲಿಯೇ, ಆ ಹಲ್ಲು ನನ್ನನ್ನು ಹಿಡಿಯಿತು. ಬಿಸಿ ಚಹ ತಾಗಿದರೆ ಕಿವಿಯವರೆಗೆ ಸಿಡಿತ; ಮಲಗಿದರೆ ಇನ್ನಷ್ಟು. ಅಜ್ಜಿ ಲವಂಗ ಇಟ್ಟಳು. ಔಷಧದ ಅಂಗಡಿಯ ಗುಳಿಗೆ ಎರಡು ದಿನ ನಡೆಯಿತು. ಮೂರನೆಯ ದಿನ ಅಪ್ಪ ನನ್ನನ್ನು ಹುಬ್ಬಳ್ಳಿಗೆ ಕರೆದುಕೊಂಡು ಹೋದ.

ಅಲ್ಲಿ ಒಂದು ಖಾಸಗಿ ದವಾಖಾನೆಯಲ್ಲಿ ರೂಟ್ ಕೆನಾಲ್ ಆಗಬೇಕೆಂದು ಹೇಳಿದರು. ಮೂರು ಸಲ ಬರಬೇಕು, ಮೂರು ಸಾವಿರದ ಐದುನೂರು ರೂಪಾಯಿ. ಅಪ್ಪ ಪಂಪಸೆಟ್ಟು ಕೊಳ್ಳುವಾಗ ಕೇಳುವ ಪ್ರಶ್ನೆಯನ್ನೇ ಅಲ್ಲಿಯೂ ಕೇಳಿದ:

"ಗ್ಯಾರಂಟಿ ಎಷ್ಟ ವರ್ಷ ರೀ, ಸಾಹೇಬ್ರ?"

ವೈದ್ಯರು ನಕ್ಕು, "ನೀವು ಹೆಂಗ ಕಾಯ್ಕೋತೀರಿ, ಅದರ ಮ್ಯಾಲೆ ಐತ್ರಿ" ಎಂದರು. ಅಪ್ಪನಿಗೆ ಈ ಉತ್ತರ ಸಮಾಧಾನ ಕೊಡಲಿಲ್ಲ. ಗ್ಯಾರಂಟಿ ಹೇಳದ ಮಾಲು ಕೆಟ್ಟದೆಂದು ಅವನ ಮತ. ನನ್ನ ಮತದಲ್ಲಿ ವೈದ್ಯರ ಉತ್ತರ ಸುಳ್ಳಲ್ಲ, ಆದರೆ ಅರ್ಧದ್ದು. ಉಳಿದ ಅರ್ಧವನ್ನು ಅವರು ಮೂರನೆಯ ಸಲ ಚೀಟಿ ಬರೆಯುತ್ತ, ತಲೆ ಎತ್ತದೆ ಹೇಳಿದರು: "ಇದಕ್ಕೊಂದು ಕ್ಯಾಪ್ ಹಾಕಿಸಬೇಕು, ಅನುಕೂಲ ಆದಾಗ ಬರ್ರಿ." ಕ್ಯಾಪಿಗೆ ಬೇರೆ ನಾಲ್ಕು ಸಾವಿರ.

ಅನುಕೂಲ ಆದಾಗ! ನಮ್ಮ ಭಾಗದ ಒಕ್ಕಲುತನದ ಮನೆಯಲ್ಲಿ ಈ ಮಾತಿಗೆ 'ಎಂದೂ ಬೇಡ' ಎಂದೇ ಅರ್ಥ. ಆ ವರುಷ ಮಳೆ ಕೈಕೊಟ್ಟಿತು. 2023 ರಲ್ಲಿ ರಾಜ್ಯದ ಬಹುತೇಕ ತಾಲೂಕುಗಳನ್ನು ಬರಪೀಡಿತವೆಂದು ಸಾರಿದ್ದು ವಾಚಕರಿಗೆ ನೆನಪಿದ್ದೀತು. ಹೆಸರು ಹೊಲದಲ್ಲಿಯೇ ಸೊರಗಿತು. ಬೇನೆಯಂತೂ ಮೊದಲನೆಯ ಸಲಕ್ಕೇ ನಿಂತಿತ್ತು. "ಬ್ಯಾನಿ ನಿಂತೈತಿಲ್ಲೊ ತಮ್ಮಾ, ಮತ್ತ ಟೋಪಿ ಯಾಕ?" ಎಂದಳು ಅವ್ವ. ನನಗೂ ಹಾಗೆಯೇ ಅನಿಸಿತು. ಟೋಪಿ ಎಂಬ ಹೆಸರೇ ಅದನ್ನು ಅಲಂಕಾರದ ವಸ್ತುವನ್ನಾಗಿ ಮಾಡಿಬಿಟ್ಟಿದೆ. ಟೋಪಿ ಇಲ್ಲದೆಯೂ ಮನುಷ್ಯ ಬದುಕುತ್ತಾನಲ್ಲವೆ?

ಒಂದೂವರೆ ವರುಷ ಹಲ್ಲು ಸುಮ್ಮನಿತ್ತು. 2025 ರ ಸಂಕ್ರಾಂತಿಗೆ ಹೊಲದಲ್ಲಿ ಬುತ್ತಿ ಬಿಚ್ಚಿ ಎಲ್ಲರೂ ಊಟಕ್ಕೆ ಕುಳಿತಿದ್ದೆವು. ಎಳ್ಳು ಹಚ್ಚಿದ ಖಡಕ್ ಸಜ್ಜೆರೊಟ್ಟಿಯ ಒಂದು ತುಣುಕನ್ನು ಎಡಗಡೆಗೆ ಹಾಕಿ ಕಡಿದೆ. 'ಟಕ್' ಎಂದಿತು. ರೊಟ್ಟಿಯ ಸಪ್ಪಳವೆಂದು ತಿಳಿದೆ. ಬೇನೆ ಒಂದಿಷ್ಟೂ ಇಲ್ಲ. ನಾಲಗೆ ಹೊರಳಿಸಿ ನೋಡಿದರೆ ಹಲ್ಲಿನ ಅರ್ಧ ಭಾಗ ಅಲುಗಾಡುತ್ತಿತ್ತು. ಮರುದಿನ ಎಕ್ಸ್‌ರೇ ತೆಗೆದು ನೋಡಿದಾಗ ಸೀಳು ಬೇರಿನ ಕೆಳಗಿನವರೆಗೆ ಇಳಿದಿತ್ತು. ಅಂಥ ಹಲ್ಲಿಗೆ ಕೀಳುವದೊಂದೇ ಉಪಾಯವಂತೆ. ಕೀಳಿಸಿದೆ. ಹೀಗೆ ಮೂರು ಸಾವಿರದ ಐದುನೂರು ರೂಪಾಯಿ ಖರ್ಚು ಮಾಡಿ ಉಳಿಸಿದ ಹಲ್ಲನ್ನು ನಾಲ್ಕು ಸಾವಿರ ಉಳಿಸಲಿಕ್ಕೆ ಹೋಗಿ ಕಳೆದುಕೊಂಡೆವು.

ಇಷ್ಟೇ ಆಗಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ನನ್ನ ಹಲ್ಲು ಬಿದ್ದ ಮೇಲೆ ನಮ್ಮ ಓಣಿಯಲ್ಲಿ ಒಂದು ಸಿದ್ಧಾಂತ ಹುಟ್ಟಿತು: "ರೂಟ್ ಕೆನಾಲ್ ಎರಡ ವರ್ಷದ ಆಟ. ಅದರ ಬದಲಿ ಮೊದಲs ಕಿತ್ತ ಒಗದ್ರ ಪಾಡ." ಇದಕ್ಕೆ ಸಾಕ್ಷಿ ನಾನು. ಮಂದಿ ನನ್ನ ಬಾಯಿ ತೆರೆಸಿ ನೋಡಿ ಹೋಗುತ್ತಾರೆ. ಈಗ ಅವ್ವನ ಮೇಲುದವಡೆಯ ಹಲ್ಲಿಗೆ ಅದೇ ಬೇನೆ ಬಂದಾಗ ಅವಳೂ ಇದೇ ಸಿದ್ಧಾಂತವನ್ನು ನನ್ನ ಮುಂದೆ ಹಿಡಿದಳು. ಆದ್ದರಿಂದ, ಹಲ್ಲು ಎಷ್ಟು ವರುಷ ಬಾಳುತ್ತದೆ, ಏತಕ್ಕೆ ಬಾಳುವದಿಲ್ಲ ಎಂಬುದನ್ನು ತಿಳಿದುಕೊಳ್ಳುವದು ನನಗೆ ಅಗತ್ಯವಾಯಿತು. ಕಲಾ ವಿಭಾಗದ ವಿದ್ಯಾರ್ಥಿ ವೈದ್ಯಶಾಸ್ತ್ರದ ಮಾತಾಡುವದು ಅಧಿಕಪ್ರಸಂಗವೆಂದು ಕೆಲವರು ಹೇಳಬಹುದು. ಹಲ್ಲು ಮಾತ್ರ ನಮ್ಮದೇ ಅಲ್ಲವೆ?

ಮೊದಲು, ಈ ಚಿಕಿತ್ಸೆಯೆಂದರೇನು? ಹಲ್ಲು ಕಲ್ಲಿನ ತುಂಡಲ್ಲ. ಹೊರಗೆ ಗಟ್ಟಿಯಾದ ಹೊಳಪಿನ ಕವಚ, ಅದರೊಳಗೆ ಹಳದಿ ಛಾಯೆಯ ದಂತದ ಪದರು, ನಟ್ಟನಡುವೆ ನರ ರಕ್ತನಾಳಗಳುಳ್ಳ ಮೆತ್ತಗಿನ ತಿರುಳು. ಈ ತಿರುಳು ಬೇರಿನೊಳಗಿನ ಸಣ್ಣ ನಾಳಗಳಲ್ಲಿ ಕೆಳಗಿನವರೆಗೆ ಇಳಿದಿರುತ್ತದೆ. ಮುಂದಿನ ಹಲ್ಲಿಗೆ ಸಾಮಾನ್ಯವಾಗಿ ಒಂದು ನಾಳ, ದವಡೆಹಲ್ಲಿಗೆ ಮೂರು, ಕೆಲವು ಸಲ ನಾಲ್ಕು. ಹುಳುಕು ತಿರುಳನ್ನು ಮುಟ್ಟಿದಾಗ ಅದು ಬಾತು ಸಾಯುತ್ತದೆ, ಕೊಳೆಯುತ್ತದೆ, ಬೇರಿನ ತುದಿಯಲ್ಲಿ ಕೀವು ಕಟ್ಟುತ್ತದೆ. ಸತ್ತ ತಿರುಳಿಗೆ ರಕ್ತದ ಹರಿವಿಲ್ಲ. ಆದ್ದರಿಂದ ಅಂಗಡಿಯ ಗುಳಿಗೆಯಲ್ಲಿಯ ಔಷಧ ಅಲ್ಲಿಗೆ ತಲುಪುವದೇ ಇಲ್ಲ. ಗುಳಿಗೆ ನುಂಗಿ ಎರಡು ದಿನ ಕಳೆದವರೆಲ್ಲರೂ ಈ ಮಾತನ್ನು ಕೇಳಬೇಕು. ರೂಟ್ ಕೆನಾಲಿನಲ್ಲಿ ವೈದ್ಯರು ಹಲ್ಲಿನ ನೆತ್ತಿಯಲ್ಲಿ ಕೊರೆದು, ತಿರುಳನ್ನು ತೆಗೆದು, ಕೂದಲಿನಂಥ ಅರಗಳಿಂದ ನಾಳಗಳನ್ನು ಉಜ್ಜಿ, ಔಷಧದ ನೀರಿನಿಂದ ತೊಳೆದು, ಕೊನೆಗೆ ಗಟಾಪರ್ಚಾ ಎಂಬ ಮರದ ಹಾಲಿನಿಂದಾದ ಅಂಟಿನ ಕಡ್ಡಿಗಳಿಂದ ತುಂಬಿ ಮುಚ್ಚುತ್ತಾರೆ. ಆ ಮರ ಮಲಯ ದೇಶದ್ದು. ಈ ಕೆಲಸದ ಮೊದಲ ಸಲಕರಣೆಯನ್ನು 1838 ರಲ್ಲಿ ಅಮೆರಿಕೆಯ ಮೇನಾರ್ಡ್ ಎಂಬವನು ಗಡಿಯಾರದ ಸ್ಪ್ರಿಂಗಿನಿಂದ ಮಾಡಿಕೊಂಡನೆಂದು ಹೇಳುತ್ತಾರೆ.

ನಮ್ಮ ಅಜ್ಜಿಯ ಪ್ರಕಾರ ಹಲ್ಲಿನಲ್ಲಿ ಹುಳ ಇರುತ್ತದೆ. ಅವಳು ಹುಡುಗಿಯಾಗಿದ್ದಾಗ ಸಂತೆಯಲ್ಲಿ ಒಬ್ಬಳು ಯಾವದೋ ಬೀಜದ ಹೊಗೆಯನ್ನು ಬಾಯಿಗೆ ಹಿಡಿಸಿ, ನೀರಿನ ಬಟ್ಟಲಲ್ಲಿ ಹುಳ ಬೀಳಿಸಿ ತೋರಿಸುತ್ತಿದ್ದಳಂತೆ. ಅಜ್ಜಿಯನ್ನು ಹಾಸ್ಯ ಮಾಡುವದು ಸಲ್ಲದು. ಪ್ರಾಚೀನ ಬಾಬಿಲೋನಿನ ಪಂಡಿತರೂ ಹಲ್ಲುಹುಳವನ್ನು ನಂಬಿದ್ದರು. ಹುಳ ಇಲ್ಲ, ಆದರೆ ಕಣ್ಣಿಗೆ ಕಾಣದ ಜೀವಾಣುಗಳಿವೆ. ಅವುಗಳದೇ ಇದೆಲ್ಲ ಕರಾಮತ್ತು ಎಂಬುದನ್ನು 1965 ರಲ್ಲಿ ಕಾಕೆಹಾಶಿ ಮತ್ತು ಅವನ ಸಂಗಡಿಗರು ಇಲಿಗಳ ಮೇಲೆ ಪ್ರಯೋಗ ಮಾಡಿ ಸಿದ್ಧಪಡಿಸಿದರು. ಎರಡು ಗುಂಪು ಇಲಿಗಳ ಹಲ್ಲುಗಳನ್ನು ತಿರುಳು ಕಾಣುವಂತೆ ಕೊರೆದು ಬಿಟ್ಟರು. ಸಾಮಾನ್ಯ ಇಲಿಗಳ ತಿರುಳು ಸತ್ತು ಕೀವಾಯಿತು. ಜೀವಾಣುಗಳೇ ಇಲ್ಲದ ವಾತಾವರಣದಲ್ಲಿ ಬೆಳೆಸಿದ ಇಲಿಗಳಲ್ಲಿ, ಗಾಯದಲ್ಲಿ ಕೂಳು ಸಿಕ್ಕಿದ್ದರೂ, ತಿರುಳು ತಾನಾಗಿ ಮಾಯಿತು. ಅಂದ ಮೇಲೆ ಚಿಕಿತ್ಸೆಯ ಗುಟ್ಟು ಜೀವಾಣುಗಳನ್ನು ಹೊರಗೆ ಹಾಕುವದರಲ್ಲಿಯೂ, ಮತ್ತೆ ಒಳಗೆ ಬಾರದಂತೆ ಬಾಗಿಲಿಕ್ಕುವದರಲ್ಲಿಯೂ ಇದೆ. ಈ ಎರಡನೆಯ ಮಾತೇ ನಮಗೆ ತಿಳಿಯದೆ ಹೋದದ್ದು.

ಈಗ ಅಪ್ಪನ ಪ್ರಶ್ನೆಗೆ ಬರೋಣ. 2004 ರಲ್ಲಿ ಅಮೆರಿಕೆಯಲ್ಲಿ ಸಲೇಹ್ರಾಬಿ ಮತ್ತು ರೋಟ್‌ಸ್ಟೈನ್ ಎಂಬಿಬ್ಬರು ವಿಮಾ ಕಂಪನಿಯ ದಾಖಲೆಗಳಿಂದ ರೂಟ್ ಕೆನಾಲ್ ಆದ 14 ಲಕ್ಷಕ್ಕೂ ಮಿಕ್ಕಿದ ಹಲ್ಲುಗಳ ಲೆಕ್ಕ ತೆಗೆದರು. ಎಂಟು ವರುಷಗಳ ತರುವಾಯ ನೂರಕ್ಕೆ 97 ಹಲ್ಲುಗಳು ಬಾಯಲ್ಲಿಯೇ ಇದ್ದವು. ಕೀಳಿಸಿಕೊಂಡ ಹಲ್ಲುಗಳಲ್ಲಿ ನೂರಕ್ಕೆ 85 ರಷ್ಟಕ್ಕೆ ಪೂರ್ತಿ ಕ್ಯಾಪ್ ಇರಲಿಲ್ಲ. 2022 ರಲ್ಲಿ ಪ್ರಕಟವಾದ ಇನ್ನೊಂದು ಅಮೆರಿಕನ್ ಲೆಕ್ಕ 46 ಸಾವಿರಕ್ಕೂ ಹೆಚ್ಚು ರೋಗಿಗಳದು. ಅದರ ಪ್ರಕಾರ ನಡುಮಟ್ಟದ ಬಾಳಿಕೆ ಸುಮಾರು 11 ವರುಷ, ಅಂದರೆ ಅರ್ಧದಷ್ಟು ಹಲ್ಲುಗಳು ಅದಕ್ಕಿಂತ ಹೆಚ್ಚು ಬಾಳಿದವು. ಆದರೆ ನೋಡಬೇಕಾದದ್ದು ಒಳಗಿನ ಭೇದವನ್ನು. ರೂಟ್ ಕೆನಾಲಿನ ಮೇಲೆ ತುಂಬುವಿಕೆ, ಕ್ಯಾಪ್ ಎರಡೂ ಆದ ಹಲ್ಲುಗಳು ಸುಮಾರು 20 ವರುಷ. ಎರಡರಲ್ಲಿ ಒಂದಷ್ಟೇ ಆದವು ಸುಮಾರು 11 ವರುಷ. ಏನೂ ಮಾಡಿಸದೆ ಬಿಟ್ಟವು ಆರೂವರೆ ವರುಷ.

ಈ ಎರಡು ಲೆಕ್ಕಗಳು ಒಂದಕ್ಕೊಂದು ಪೂರ್ತಿ ಹೊಂದುವದಿಲ್ಲವೆಂಬುದನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಆಗಲೇ ಕಂಡಿರಬಹುದು. ಎಂಟು ವರುಷಕ್ಕೆ 97 ಉಳಿದರೆ ಹನ್ನೊಂದಕ್ಕೆ ಅರ್ಧ ಹೇಗೆ? ಒಂದು ವಿಮೆಯ ದಾಖಲೆ, ಇನ್ನೊಂದು ದವಾಖಾನೆಗಳ ದಾಖಲೆ. ಎಣಿಸಿದ ಜನ ಬೇರೆ, ರೀತಿ ಬೇರೆ. ಮೇಲಾಗಿ ಅಲ್ಲಿಯ ವಿಮೆಯುಳ್ಳವನ ಹಲ್ಲನ್ನು ನವಲಗುಂದದ ಖಡಕ್ ರೊಟ್ಟಿ ತಿನ್ನುವವನ ಹಲ್ಲಿಗೆ ಹೋಲಿಸುವದು ಸರಿಯಲ್ಲ. ಆದ್ದರಿಂದ ಇಷ್ಟೇ ವರುಷವೆಂದು ನಾನು ಯಾರಿಗೂ ಕರಾರುಪತ್ರ ಬರೆದು ಕೊಡಲಾರೆ. ಆದರೆ ವಿಭಿನ್ನ ರೀತಿಯಿಂದ ಎಣಿಸಿದ ಎರಡು ಲೆಕ್ಕಗಳೂ ಒಂದು ಮಾತಿನಲ್ಲಿ ಕೂಡುತ್ತವೆ: ದವಡೆಹಲ್ಲಿನ ಆಯುಷ್ಯ ಬೇರಿನಲ್ಲಿ ಆದ ಕೆಲಸದಿಂದ ಎಷ್ಟೋ, ನೆತ್ತಿಯ ಮೇಲೆ ಆದ ಕೆಲಸದಿಂದಲೂ ಅಷ್ಟೇ. 2002 ರಲ್ಲಿ ಅಕ್ವಿಲಿನೊ ಮತ್ತು ಕಾಪ್ಲಾನ್ ಎಂಬವರು ಕ್ಯಾಪ್ ಇಲ್ಲದ ಹಲ್ಲುಗಳು ಕ್ಯಾಪ್ ಇದ್ದವುಗಳಿಗಿಂತ ಆರು ಪಟ್ಟು ವೇಗದಿಂದ ಹೋಗುತ್ತವೆಂದು ತೋರಿಸಿದ್ದರು. ನನ್ನ ಹಲ್ಲು ಈ ಆರು ಪಟ್ಟಿನಲ್ಲಿ ಸೇರಿತು.

ಕ್ಯಾಪ್ ಏತಕ್ಕೆ ಇಷ್ಟು ಮುಖ್ಯ? 'ನರ ತೆಗೆದ ಹಲ್ಲು ಒಣಗಿ ಸೆಬೆಯಾಗುತ್ತದೆ' ಎಂದು ನಮ್ಮವರು ಹೇಳುತ್ತಾರೆ. ನಾನೂ ಹಾಗೆಯೇ ನಂಬಿದ್ದೆ. ಕಟ್ಟಿಗೆಯ ಹೋಲಿಕೆ ಎಷ್ಟು ಚೆಂದವಾಗಿದ್ದರೂ ಅದು ನಿಜವಲ್ಲವಂತೆ. ಚಿಕಿತ್ಸೆಯಾದ ಹಲ್ಲುಗಳನ್ನೂ ಜೀವಂತ ಹಲ್ಲುಗಳನ್ನೂ ಜೊತೆಜೊತೆಯಾಗಿ ಒಡೆದು ನೋಡಿದ 1992 ರ ಒಂದು ಪ್ರಯೋಗದಲ್ಲಿ ಗಟ್ಟಿತನದಲ್ಲಿ ಹೇಳಿಕೊಳ್ಳುವಂಥ ಭೇದ ಕಾಣಲಿಲ್ಲ. ಹಲ್ಲು ಸೋಲುವದು ಒಣಗಿದ್ದರಿಂದ ಅಲ್ಲ, ಪೊಳ್ಳಾದದ್ದರಿಂದ. 1989 ರಲ್ಲಿ ರೀಹ್ ಮತ್ತು ಸಂಗಡಿಗರು ಇದನ್ನು ಅಳೆದರು. ನೆತ್ತಿಯಲ್ಲಿ ಕೊರೆದು ರೂಟ್ ಕೆನಾಲ್ ಮಾಡಿದ್ದರಿಂದ ಹಲ್ಲಿನ ಬಿಗುವು ನೂರಕ್ಕೆ ಐದರಷ್ಟು ಮಾತ್ರ ಇಳಿಯಿತು. ಆದರೆ ಕುಳಿಯು ಮುಂದಿನ ಅಂಚಿನಿಂದ ಹಿಂದಿನ ಅಂಚಿನವರೆಗೆ ಹಬ್ಬಿ, ಎರಡೂ ಏಣುಗಳು ಹೋದಾಗ ನೂರಕ್ಕೆ 63 ರಷ್ಟು ಇಳಿಯಿತು. ಗಡಿಗೆಗೆ ನಡುವೆ ಸಣ್ಣ ತೂತು ಬಿದ್ದರೆ ಅದು ಗಡಿಗೆಯಾಗಿಯೇ ಉಳಿಯುತ್ತದೆ. ಬಾಯಂಚು ಎರಡು ಕಡೆ ಒಡೆದರೆ ಎತ್ತಿದಾಗ ಹೋಳಾಗುತ್ತದೆ. ಹಲ್ಲನ್ನು ಪೊಳ್ಳು ಮಾಡಿದ್ದು ವೈದ್ಯರ ಅರವಲ್ಲ, ಅದಕ್ಕೂ ಮೊದಲು ಐದಾರು ವರುಷ ನಾವೇ ಸಾಕಿದ ಹುಳುಕು. ಕ್ಯಾಪ್ ಎಂಬುದು ಬಂಡಿಯ ಗಾಲಿಗೆ ಹಾಕುವ ಕಬ್ಬಿಣದ ಹಳಿಯಂತೆ. ಹಳಿ ಇಲ್ಲದ ಗಾಲಿಯನ್ನು ಯಾವ ಒಕ್ಕಲಿಗನೂ ಹೊಲಕ್ಕೆ ಒಯ್ಯುವದಿಲ್ಲ. ವೈದ್ಯರು 'ಟೋಪಿ' ಎನ್ನದೆ 'ಹಳಿ' ಎಂದಿದ್ದರೆ ನಮ್ಮ ಅಪ್ಪ ಸಾಲ ಮಾಡಿಯಾದರೂ ಹಾಕಿಸುತ್ತಿದ್ದ.

ಇಲ್ಲಿ ಒಂದು ಅಪವಾದ ಹೇಳಬೇಕು. ಮುಂದಿನ ಹಲ್ಲುಗಳು ಅಗಿಯುವ ಭಾರ ಹೊರುವದಿಲ್ಲ. ಅವು ಹೆಚ್ಚು ಕೆಟ್ಟಿರದಿದ್ದರೆ ಒಳ್ಳೆಯ ತುಂಬುವಿಕೆಯಿಂದಲೇ ಸಾಗಬಹುದು. ಎಲ್ಲ ಹಲ್ಲಿಗೂ ಕ್ಯಾಪ್ ಬೇಕೆಂದು ನನ್ನ ವಾದವಲ್ಲ.

ಎರಡನೆಯ ಕಾರಣ ಜೊಲ್ಲು. ನಾಳ ತುಂಬಿದ ಮೇಲೆ ನೆತ್ತಿಯಲ್ಲಿ ಇಡುವ ತಾತ್ಕಾಲಿಕ ಸಿಮೆಂಟು ಕೆಲವು ವಾರಗಳ ಅತಿಥಿ. ಅದು ಸವೆದು ಬಿರುಕು ಬಿಟ್ಟರೆ ಬಾಯಿಯ ನೀರು, ನೀರಿನೊಡನೆ ಜೀವಾಣುಗಳು, ಮೆಲ್ಲನೆ ಕೆಳಗಿಳಿಯುತ್ತವೆ. 1995 ರಲ್ಲಿ ರೇ ಮತ್ತು ಟ್ರೋಪ್ ಎಂಬವರು ಸಾವಿರದಷ್ಟು ಹಲ್ಲುಗಳ ಎಕ್ಸ್‌ರೇ ನೋಡಿ, ಮೇಲಿನ ಮುಚ್ಚಿಗೆ ಕೆಟ್ಟಿದ್ದರೆ ಕೆಳಗಿನ ಒಳ್ಳೆಯ ಕೆಲಸವೂ ವ್ಯರ್ಥವಾಗುತ್ತದೆಂದು ಹೇಳಿದರು. ಹಗೇವಿನಲ್ಲಿ ಜೋಳ ತುಂಬಿ ಬಾಯಿಗೆ ಮಣ್ಣು ಮೆತ್ತದೆ ಬಿಟ್ಟರೆ ಏನಾಗುವದೆಂಬುದನ್ನು ಎರೆಹೊಲದ ನಾಡಿನವರಿಗೆ ಹೇಳಬೇಕಾಗಿಲ್ಲ.

ಇನ್ನು 'ಆಮೇಲೆ ಏನಾಗುತ್ತದೆ' ಎಂಬುದು. ಇದರಲ್ಲಿ ನನಗೆ ಎಲ್ಲಕ್ಕಿಂತ ವಿಚಿತ್ರವೆನಿಸಿದ್ದು ಬೇನೆ ಇಲ್ಲದಿರುವದು. ಬೇನೆಯನ್ನು ನಾವು ವೈರಿಯೆಂದು ತಿಳಿಯುತ್ತೇವೆ. ಅದು ಊರ ತಳವಾರ. ತಿರುಳು ತೆಗೆದ ಹಲ್ಲಿನಲ್ಲಿ ತಳವಾರನಿಲ್ಲ. ಹೊಸ ಹುಳುಕು ಬಿದ್ದರೂ ಜುಮ್ಮೆನ್ನುವದಿಲ್ಲ, ಬಿಸಿ ತಣ್ಣಗಿನದು ತಿಳಿಯುವದಿಲ್ಲ. ನನ್ನ ಹಲ್ಲು ಎರಡು ಹೋಳಾದಾಗಲೂ ನಾನು ರೊಟ್ಟಿ ಅಗಿಯುತ್ತಲೇ ಇದ್ದೆ. ಬೇರಿನ ಸುತ್ತಲಿನ ತಂತುಗಳಿಗೆ ಮಾತ್ರ ಸ್ಪರ್ಶಜ್ಞಾನ ಉಳಿದಿರುತ್ತದೆ. ಆದ್ದರಿಂದ ಕಡಿದಾಗ ನೋವು, ಒಸಡಿನ ಮೇಲೆ ಆಗಾಗ ಎದ್ದು ಒಡೆಯುವ ಸಣ್ಣ ಗುಳ್ಳೆ, ಇವು ಕಂಡರೆ ಒಳಗೆ ಕೀವಿದೆಯೆಂದು ತಿಳಿಯಬೇಕು. ಗುಳ್ಳೆ ಒಡೆದು ಹಗುರಾಯಿತೆಂದು ಸಂತೋಷಪಡುವವರಿದ್ದಾರೆ. ಅದು ಮನೆಗೆ ಬೆಂಕಿ ಬಿದ್ದು ಹೊಗೆ ಬೆಳಕಿಂಡಿಯಿಂದ ಹೋಯಿತೆಂದು ಸಂತೋಷಪಟ್ಟಂತೆ. ಎಷ್ಟೋ ಸಲ ಗುಳ್ಳೆಯೂ ಇಲ್ಲದೆ, ಎಕ್ಸ್‌ರೇಯಲ್ಲಿ ಬೇರಿನ ತುದಿಯ ಕಪ್ಪು ನೆರಳು ಮಾತ್ರ ಕಾಣುತ್ತದೆ. ಆ ನೆರಳು ಮೊದಲೇ ಇದ್ದರೆ ಚಿಕಿತ್ಸೆಯ ಮರುದಿನವೇ ಅಳಿಯುವದಿಲ್ಲ. ಎಲುಬು ತುಂಬಿ ಬರಲು ವರುಷ, ಕೆಲವು ಸಲ ನಾಲ್ಕು ವರುಷ ಬೇಕು. ಆದ ಕಾರಣ ಒಂದು ವರುಷಕ್ಕೊಮ್ಮೆ ಎಕ್ಸ್‌ರೇ ತೆಗೆಸಿ ನೋಡುವದು ರೂಢಿ. ನಮ್ಮಲ್ಲಿ ಈ ರೂಢಿ ಯಾರಿಗಿದೆ? ಬೇನೆ ಇಲ್ಲದವನು ದವಾಖಾನೆಗೆ ಹೋದರೆ ಓಣಿಯವರು ತಲೆ ಕೆಟ್ಟಿದೆ ಎಂದಾರು.

ಚಿಕಿತ್ಸೆ ಸೋತರೆ ಎಲ್ಲ ಮುಗಿಯಿತೆಂದೂ ಅಲ್ಲ. ಮೊದಲ ಸಲ ಒಂದು ನಾಳ ಕಣ್ಣುತಪ್ಪಿ ಉಳಿದಿದ್ದರೆ, ಹಳೆಯ ಅಂಟು ತೆಗೆದು ಮತ್ತೊಮ್ಮೆ ಮಾಡಬಹುದು. ಮೇಲುದವಡೆಯ ಹಲ್ಲಿನ ನಾಲ್ಕನೆಯ ನಾಳ ಹೀಗೆ ತಪ್ಪಿಸಿಕೊಳ್ಳುವದರಲ್ಲಿ ಪ್ರಸಿದ್ಧವಾದದ್ದು. ಅದೂ ಆಗದಿದ್ದರೆ ಒಸಡನ್ನು ಬಿಡಿಸಿ ಬೇರಿನ ತುದಿಯನ್ನಷ್ಟೇ ಕತ್ತರಿಸಿ ತೆಗೆಯುವ ಶಸ್ತ್ರಕ್ರಿಯೆ ಇದೆ. ಬೇರು ಉದ್ದಕ್ಕೆ ಸೀಳಿದ ದವಡೆಹಲ್ಲಿಗೆ ಮಾತ್ರ ಮರುಜನ್ಮವಿಲ್ಲ.

'ಕಿತ್ತು ಒಗೆಯುವದು' ಅಗ್ಗವೆಂಬ ಸಿದ್ಧಾಂತವನ್ನು ಈಗ ಪರೀಕ್ಷಿಸೋಣ. ಕೀಳುವ ದಿನದ ಖರ್ಚು ಕಡಿಮೆ, ನಿಜ. ಆದರೆ ನೆರೆಮನೆ ಬಿದ್ದ ಹಲ್ಲು ಆ ಕಡೆಗೇ ವಾಲುತ್ತದೆ. ಎದುರಿನ ಹಲ್ಲು ತಡೆ ಇಲ್ಲದೆ ಉದ್ದಕ್ಕೆ ಇಳಿಯುತ್ತದೆ. ಸಂದಿಯಲ್ಲಿ ಕೂಳು ಸಿಕ್ಕು ಅವುಗಳಿಗೂ ಹುಳುಕು. ಖಾಲಿ ಜಾಗಕ್ಕೆ ಸೇತುವೆಯ ಹಲ್ಲು ಕೂಡಿಸಬೇಕಾದರೆ ಎರಡೂ ಬದಿಯ ಹಲ್ಲುಗಳನ್ನು ಉಜ್ಜಿ ಸಣ್ಣದು ಮಾಡಬೇಕು. ಎಲುಬಿನಲ್ಲಿ ತಿರುಪು ಕೂಡಿಸಿ ಹಲ್ಲು ಹಾಕುವ ಪದ್ಧತಿಯ ಬೆಲೆ ಕೇಳಿ ನಾನು ಮತ್ತೆ ಬಾಯಿ ತೆರೆಯಲಿಲ್ಲ. ಕಳೆದ ಶತಮಾನದ ಆರಂಭದಲ್ಲಿ ಪಾಶ್ಚಾತ್ಯ ದೇಶಗಳೂ ಈ ಕಿತ್ತೊಗೆಯುವ ಸಿದ್ಧಾಂತಕ್ಕೆ ಬಲಿಯಾಗಿದ್ದವು. 1910 ರಲ್ಲಿ ವಿಲಿಯಂ ಹಂಟರ್ ಎಂಬ ಬ್ರಿಟಿಷ್ ವೈದ್ಯನು ಕೆಟ್ಟ ಹಲ್ಲುಗಳೇ ದೇಹದ ಅನೇಕ ರೋಗಗಳಿಗೆ ಮೂಲವೆಂದು ಭಾಷಣ ಮಾಡಿದ ಮೇಲೆ, ಸಂಧಿವಾತ ಬಂದವನಿಗೂ ಹಲ್ಲು ಕೀಳುವ ಪರಿಪಾಠ ದಶಕಗಳವರೆಗೆ ನಡೆಯಿತು. ಹಲ್ಲು ಹೋದವು, ರೋಗಗಳು ಉಳಿದವು. ಮುಂದೆ ಆ ವಾದ ಪ್ರಮಾಣಕ್ಕೆ ನಿಲ್ಲಲಿಲ್ಲ. ನಮ್ಮಲ್ಲಿ ಇದಕ್ಕೆ ತದ್ವಿರುದ್ಧವಾದ ಹೆದರಿಕೆ: ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಮಂದವಾಗುತ್ತವೆಂದು. ಅದೂ ಸುಳ್ಳೇ. ಆದರೂ ಅವ್ವನ ಸಂಗಡ ವಾದಿಸುವಾಗ ನಾನು ಈ ಸುಳ್ಳನ್ನು ಕೂಡಲೇ ತಿದ್ದಲಿಲ್ಲವೆಂದು ಒಪ್ಪಿಕೊಳ್ಳುತ್ತೇನೆ. ಅದು ನನ್ನ ಪಕ್ಷಕ್ಕೆ ಅನುಕೂಲವಾಗಿತ್ತು.

ಇದಕ್ಕೆಲ್ಲ ಹಳ್ಳಿಯವನ ಅಜ್ಞಾನವೇ ಕಾರಣವೆಂದು ಹೇಳಿ ಕೈತೊಳೆದುಕೊಳ್ಳುವದನ್ನು ನಾನು ಒಪ್ಪುವದಿಲ್ಲ. ಬಡತನ ರೇಖೆಯ ಕೆಳಗಿನ ಹಿರಿಯರಿಗೆ ಪುಕ್ಕಟೆಯಾಗಿ ಪೂರ್ಣ ದಂತಪಂಕ್ತಿ ಕೊಡುವ 'ದಂತಭಾಗ್ಯ' ಯೋಜನೆಯನ್ನು ನಮ್ಮ ಸರಕಾರ ಮಾಡಿದೆ. ಬೊಚ್ಚುಬಾಯಿಯ ಅಜ್ಜಂದಿರಿಗೆ ಅದು ದೊಡ್ಡ ಉಪಕಾರ. ನಾನು ಅದನ್ನು ಹಳಿಯುವದಿಲ್ಲ. ಆದರೆ ಎಲ್ಲ ಹಲ್ಲು ಹೋದ ಮೇಲೆ ಭಾಗ್ಯ ಬರುವದಕ್ಕಿಂತ, ಒಂದು ಹಲ್ಲು ಹೋಗುವ ಮೊದಲೇ ಅದರ ಒಂದಂಶ ಬಂದರೆ ಹೆಚ್ಚು ಹಿತವಲ್ಲವೆ? ನಮ್ಮೂರವರ ಅನುಭವ ಹೀಗಿದೆ: ಹಲ್ಲು ಕೀಳಿಸುವದು ಹತ್ತಿರದಲ್ಲಿ ಆಗುತ್ತದೆ, ಉಳಿಸುವದಕ್ಕೆ ಮಾತ್ರ ಪಟ್ಟಣಕ್ಕೆ ಹೋಗಬೇಕು, ಅದೂ ಮೂರು ಸಲ, ನಾಲ್ಕು ಸಲ. ಕಲಘಟಗಿಯ ಕಾಡಂಚಿನ ಹಳ್ಳಿಯ ಕೂಲಿಕಾರನಿಗೆ ಪ್ರತಿಯೊಂದು ಸಲವೂ ಒಂದು ದಿನದ ಪಗಾರ. ಬೇನೆ ಮೊದಲನೆಯ ಸಲಕ್ಕೇ ನಿಂತ ಮೇಲೆ ಅವನು ಎರಡನೆಯ ಸಲ ಹೋಗದಿದ್ದರೆ ತಪ್ಪು ಯಾರದು? ತಾಲೂಕಿನ ಆಸ್ಪತ್ರೆಯಲ್ಲಿಯೇ ರೂಟ್ ಕೆನಾಲು, ಅದರ ಸಂಗಡ ಒಂದು ಸಾದಾ ಲೋಹದ ಕ್ಯಾಪು, ಇಷ್ಟು ದೊರೆಯುವಂತಾದರೆ ಸಾಕು. ಬಿಳಿಯ ಕ್ಯಾಪಿನ ಹಂಬಲ ನಮಗಿಲ್ಲ; ದವಡೆಹಲ್ಲನ್ನು ಯಾರು ನೋಡುತ್ತಾರೆ?

ಖಾಸಗಿ ವೈದ್ಯರಲ್ಲಿ ನನ್ನ ವಿನಂತಿ ಇನ್ನೂ ಸಣ್ಣದು. ರೂಟ್ ಕೆನಾಲಿನ ದರ, ಕ್ಯಾಪಿನ ದರ ಎಂದು ಎರಡು ಹೇಳಬೇಡಿರಿ. ದವಡೆಹಲ್ಲು ಉಳಿಸುವ ದರವೆಂದು ಒಂದೇ ಮೊತ್ತ ಹೇಳಿರಿ. ಏಳೂವರೆ ಸಾವಿರವೆಂದು ಮೊದಲೇ ಕೇಳಿದ್ದರೆ ನಮ್ಮ ಅಪ್ಪ ಗಾಬರಿಯಾಗುತ್ತಿದ್ದ, ಬೈಯುತ್ತಿದ್ದ, ಬಹುಶಃ ಎದ್ದು ಬರುತ್ತಿದ್ದ. ಎದ್ದು ಬಂದಿದ್ದರೆ ಹಲ್ಲಂತೂ ಹೋಗುತ್ತಿತ್ತು, ಅದು ಹೇಗೂ ಹೋಯಿತು. ಆದರೆ ಮೂರು ಸಾವಿರದ ಐದುನೂರು ಉಳಿಯುತ್ತಿತ್ತು, ಚಿಕಿತ್ಸೆಗೆ ಕೆಟ್ಟ ಹೆಸರೂ ಬರುತ್ತಿರಲಿಲ್ಲ. ಮನೆಯ ಗೋಡೆ ಕಟ್ಟಿ 'ಮಾಳಿಗೆ ಅನುಕೂಲವಾದಾಗ' ಎನ್ನುವ ಗೌಂಡಿಯನ್ನು ಯಾರಾದರೂ ಒಪ್ಪುತ್ತಾರೆಯೆ?

ನಮ್ಮ ಕಾಲೇಜಿನ ಹಿರಿಯ ಅಧ್ಯಾಪಕರೊಬ್ಬರ ಕಥೆ ಇಲ್ಲಿ ಹೇಳುವದು ನ್ಯಾಯ. ನಾನು ಈ ವಿಷಯ ಬರೆಯುತ್ತೇನೆಂದಾಗ ಅವರು ತರಗತಿಯ ಹೊರಗೆ ನಿಂತು, ತುಟಿ ಎಳೆದು, ಹಿಂದಿನ ಒಂದು ಲೋಹದ ಹಲ್ಲು ತೋರಿಸಿದರು. 1998 ರಲ್ಲಿ ರೂಟ್ ಕೆನಾಲ್ ಮಾಡಿಸಿ ಅದೇ ತಿಂಗಳಲ್ಲಿ ಕ್ಯಾಪ್ ಹಾಕಿಸಿದ್ದಂತೆ. "ಆವಾಗ ನನ್ನ ಪಗಾರ ಎಷ್ಟು ಅಂತ ಕೇಳಬ್ಯಾಡ. ನಿಮ್ಮ ಕಾಕೂ ಒಂದ ತಿಂಗಳ ಮಾತಾಡಲಿಲ್ಲ" ಎಂದು ನಕ್ಕರು. ಆ ಹಲ್ಲಿನಿಂದ ಅವರು ಇಂದಿಗೂ ಕಬ್ಬು ಸಿಗಿಯುತ್ತಾರೆ. ಸಿಗಿಯಬಾರದು, ಆದರೆ ಗುರುಗಳಿಗೆ ಹೇಳುವವರು ಯಾರು?

ಅವ್ವನ ಪ್ರಕರಣ ಹೇಳಿ ಮುಗಿಸುತ್ತೇನೆ. ಧಾರವಾಡದ ಹತ್ತಿರ ಸತ್ತೂರಿನಲ್ಲಿ 1986 ರಿಂದ ಎಸ್.ಡಿ.ಎಂ. ದಂತ ಮಹಾವಿದ್ಯಾಲಯವಿದೆ. ಕಲಿಸುವ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ದರ ಕಡಿಮೆ, ವೇಳೆ ಹೆಚ್ಚು. ಕಲಿಯುವ ಹುಡುಗ ಹುಡುಗಿಯರು ಕೈಹಚ್ಚುತ್ತಾರೆ, ಅವರ ಗುರುಗಳು ಬಂದು ನೋಡುತ್ತಾರೆ. ಅವ್ವನಿಗೆ 2023 ರಿಂದ ಸರಕಾರಿ ಬಸ್ಸಿನಲ್ಲಿ ಟಿಕೀಟಿಲ್ಲ, ನನಗಿದೆ. ಆದರೂ ಅವಳು ಒಪ್ಪಲು ಎಂಟು ದಿನ ಹಿಡಿಯಿತು. "ನಲವತ್ತೆರಡ ವರ್ಷದಾಕಿಗೆ ಹಲ್ಲಿನ ಸಿಂಗಾರ ಯಾಕೋ? ಆ ರೊಕ್ಕದಾಗ ನಿನ್ನ ಪರೀಕ್ಷಾ ಫೀ ಆಗತೈತಿ" ಎಂದಳು. ಇನ್ನು ಇಪ್ಪತ್ತು ಮೂವತ್ತು ವರುಷ ರೊಟ್ಟಿ ತಿನ್ನುವದಿದೆಯಲ್ಲ ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿನ್ನ ಹಲ್ಲ ಹೋದಾಗ ನಾನs ಬ್ಯಾಡ ಅಂದಾಕಿ" ಎಂದಳು. ಅಲ್ಲಿಗೆ ನಮ್ಮ ವಾದ ಮುಗಿಯಿತು.

ಈ ಸಲ ಹೆಸರು ಮಾರಿದ ದಿನವೇ ಅಪ್ಪ ಕ್ಯಾಪಿನ ಹಣವನ್ನು ಮೊದಲು ಎಣಿಸಿ, ಒಂದು ಪಾಕೀಟಿನಲ್ಲಿ ಹಾಕಿ ಟ್ರಂಕಿನಲ್ಲಿ ಇಟ್ಟ. ರೂಟ್ ಕೆನಾಲಿನ ಹಣವನ್ನು ಆಮೇಲೆ ತೆಗೆದ. ಮೂರು ಸಲ ಹೋಗಿ ಬಂದಿದ್ದೇವೆ. ನಾಲ್ಕನೆಯ ನಾಳ ಹುಡುಕಿದರಂತೆ, ಸಿಕ್ಕಿತಂತೆ. ಬೇನೆ ನಿಂತು ಹದಿನೈದು ದಿನವಾಗಿದೆ, ಅವ್ವ ಇನ್ನೂ ಬಲಗಡೆಗೆ ಅಗಿಯುತ್ತಿಲ್ಲ. ಕ್ಯಾಪಿನ ಅಳತೆ ಕೊಟ್ಟಾಗಿದೆ. ಬರುವ ಗುರುವಾರ ಮುಂಜಾನೆಯ ಬಸ್ಸಿಗೆ ಹೋಗಿ ಕೂಡಿಸಿಕೊಂಡು ಬರಬೇಕು. ಅಂದು ನನ್ನ ಹಾಜರಿ ತಪ್ಪುವದನ್ನು ಸಂಬಂಧಪಟ್ಟ ಅಧ್ಯಾಪಕರು ಮನ್ನಿಸಬೇಕು.